ಗಲ್ಲದಡಿಯ ನಿಂಬೆಹಣ್ಣು

ನಮ್ಮೂರಿನಲ್ಲಿ ಹೆಣ್ಣು ನೋಡುವವರು ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಬರಬೇಕು. ಹೆಣ್ಣು ಕಾಫಿ ತಟ್ಟೆ ಹಿಡಿದುಕೊಂಡು ಬರುವ ಸಂಪ್ರದಾಯ ನಮ್ಮಲ್ಲಿಲ್ಲ. ಅವರು ಬರುವ ಹೊತ್ತಿಗೆ ಅವಳು ನಡುಮನೆಯಲ್ಲಿ ಗಡದ್ದಾಗಿ ನಿದ್ದೆ ಹೋಗಿರಬೇಕು. ಗಂಡಿನ ಕಡೆಯವರು ಚಪ್ಪಲಿ ಬಿಟ್ಟು, ಕೆಮ್ಮು ನುಂಗಿಕೊಂಡು, ಬಾಗಿಲ ಸಂದಿಯಿಂದ ಇಣುಕಿ, ಹುಡುಗಿ ಚಾಪೆಯಿಂದ ಎಷ್ಟು ಮೇಲೆ ತೇಲುತ್ತಿದ್ದಾಳೆ ಎಂದು ನೋಡಿಕೊಂಡು ಹೋಗುತ್ತಾರೆ. ಒಂದು ಗೇಣು ಎದ್ದರೆ ಪರವಾಗಿಲ್ಲ. ಒಂದು ಮೊಳ ಎದ್ದರೆ ಒಳ್ಳೆಯ ಆರೋಗ್ಯ, ಒಳ್ಳೆಯ ಮನಸ್ಸು. ನನ್ನನ್ನು ನೋಡಲು ಬಂದ ದಿನ ನಾನು ತೊಲೆಗೆ ಮೂಗು ತಾಗುವಷ್ಟು ಮೇಲೆ ಹೋಗಿದ್ದೆನಂತೆ. ಆಮೇಲೆ ನನಗೆ ಅತ್ತೆಯಾದ ಕೆಂಪಾಜಮ್ಮನವರು ಕತ್ತು ಹಿಂದಕ್ಕೆ ಬಾಗಿಸಿ ತುಂಬಾ ಹೊತ್ತು ನೋಡಿದರಂತೆ. "ಹುಡುಗಿ ಅಂದ್ರೆ ಇದು! ಇವಳನ್ನ ಬಿಟ್ರೆ ಇಂಥೋಳು ಇನ್ನೊಬ್ಬಳು ಸಿಗಲ್ಲ," ಎಂದು ಅಲ್ಲೇ ಎಲೆಅಡಿಕೆ ಕೊಟ್ಟುಬಿಟ್ಟರಂತೆ. ನಾನು ಎಚ್ಚರವಾಗಿ ಕೆಳಗಿಳಿಯುವಷ್ಟರಲ್ಲಿ ಮದುವೆ ಗೊತ್ತಾಗಿತ್ತು.

ಮಾರನೆಯ ದಿನವೇ ಅಮ್ಮ ನನ್ನ ಗಲ್ಲದಡಿ ಒಂದು ನಿಂಬೆಹಣ್ಣು ಇಟ್ಟಳು. ಗಲ್ಲವನ್ನು ಎದೆಗೆ ಒತ್ತಿ ಹಣ್ಣನ್ನು ಹಾಗೇ ಹಿಡಿದುಕೊಂಡು ನಿದ್ದೆ ಮಾಡಬೇಕು. ಹಣ್ಣು ಉರುಳಿದರೆ ಎಬ್ಬಿಸಿ ಮತ್ತೆ ಇಡುತ್ತಿದ್ದಳು. ಹೀಗೆ ಮಲಗಿದರೆ ಮೈ ಮೇಲೇಳುವುದಿಲ್ಲ, ಚಾಪೆಯ ಹತ್ತಿರವೇ ಇರುತ್ತದೆ. ಇದಕ್ಕೆ ತಗ್ಗಿ ಮಲಗುವುದು ಎನ್ನುತ್ತಾರೆ. ನಮ್ಮೂರಲ್ಲಿ ವಯಸ್ಸಾದಂತೆ ಜನ ಕೆಳಗೆ ಕೆಳಗೆ ತೇಲುತ್ತಾರೆ, ಮತ್ತು ಹಿರಿಯರಿಗಿಂತ ಮೇಲೆ ಮಲಗುವ ಸೊಸೆಗೆ ಯಾರೂ ಒಳ್ಳೆಯ ಮಾತು ಆಡುವುದಿಲ್ಲ. "ಅಲ್ಲಮ್ಮಾ, ಎತ್ತರ ನೋಡಿ ತಾನೇ ಅವರು ನನ್ನ ಒಪ್ಪಿದ್ದು?" ಎಂದು ಕೇಳಿದೆ. "ನೋಡೋಕೆ ಬಂದಾಗ ಎತ್ತರ ಇರ್ಬೇಕು, ಹೋದ್ಮೇಲೆ ತಗ್ಗಿರ್ಬೇಕು. ಎಲ್ರೂ ಮಾಡಿರೋದೇ ತಾನೇ? ಗಲ್ಲ ಒತ್ತು," ಎಂದಳು ಅಮ್ಮ. ಮದುವೆಯ ಹೊತ್ತಿಗೆ ನನಗೆ ನಿಂಬೆಹಣ್ಣು ಬೇಕಾಗಿರಲಿಲ್ಲ. ಕಣ್ಣು ಮುಚ್ಚಿದ ಕೂಡಲೇ ಗಲ್ಲ ತಾನಾಗಿ ಎದೆಗೆ ಹೋಗಿ ಕೂರುತ್ತಿತ್ತು. ಆಮೇಲೆ ನಿಂಬೆಹಣ್ಣಿನ ವಿಷಯವನ್ನೇ ಮರೆತುಬಿಟ್ಟೆ, ಯಾರಾದರೂ ನಡೆಯಲು ಕಲಿತದ್ದನ್ನು ನೆನಪಿಟ್ಟುಕೊಳ್ಳುತ್ತಾರೆಯೇ?

ಮದುವೆಯಾಗಿ ಸ್ವಲ್ಪ ಕಾಲಕ್ಕೆ ನಾನು ಬೀಳಲು ಶುರುಮಾಡಿದೆ. ಎಚ್ಚರವಾದವರು ಎಲ್ಲರೂ ನಿಧಾನವಾಗಿ ಇಳಿಯುತ್ತಾರೆ, ಅದು ಬೇರೆ. ನಿದ್ದೆಯಲ್ಲೇ ಉಸಿರು ನಿಂತವರು ಧಡ್ ಎಂದು ಬೀಳುತ್ತಾರೆ. ಬಿದ್ದ ಪೆಟ್ಟಿಗೆ ಉಸಿರು ಮತ್ತೆ ಬರುತ್ತದೆ, ಮತ್ತೆ ಗೇಣುದ್ದ ಏಳುತ್ತಾರೆ, ಮತ್ತೆ ಧಡ್. ಒಂದು ನಿದ್ದೆಗೆ ಎಷ್ಟು ಸಲ ಬೀಳುತ್ತಿದ್ದೆನೋ ದೇವರಿಗೇ ಗೊತ್ತು. ಕೆಳಗೆ ಎರಡು ಹಾಸಿಗೆ ಹಾಸಿದರೂ ಸೊಂಟ ನೋವು ತಪ್ಪಲಿಲ್ಲ. ಬೆಳಗ್ಗೆ ಎದ್ದರೆ ತಲೆ ಕಲ್ಲಿನಂತೆ ಭಾರ, ಬಾಯಿ ಒಣಗಿರುತ್ತಿತ್ತು, ಕೂತಲ್ಲಿ ನಿಂತಲ್ಲಿ ತೂಕಡಿಕೆ. ನಮ್ಮ ಬೀದಿಯ ಸೊಸೆಯಂದಿರಲ್ಲಿ ಹೆಚ್ಚಿನವರ ಪಾಡು ಇದೇ ಆಗಿತ್ತು. ಮಧ್ಯಾಹ್ನ ಊರೆಲ್ಲಾ ಮಲಗಿದಾಗ ಬೀದಿಯಲ್ಲಿ ನಿಂತರೆ ಮನೆಮನೆಯಿಂದ ರಾಗಿ ಮೂಟೆ ಇಳಿಸುವ ಸದ್ದು ಕೇಳಿಸುತ್ತಿತ್ತು. ಯಾರೂ ಅದನ್ನು ಕಾಯಿಲೆ ಎಂದುಕೊಳ್ಳಲಿಲ್ಲ.

ನಾನೂ ಅಂದುಕೊಳ್ಳುತ್ತಿರಲಿಲ್ಲ, ನನ್ನ ಕೈಯಲ್ಲಿ ಬಸ್ಸಿನ ಸ್ಟಿಯರಿಂಗ್ ಇಲ್ಲದಿದ್ದರೆ. ಹೌದು, ನಮ್ಮೂರಿಂದ ಘಾಟಿ ಇಳಿದು ಕೆಳಗಿನ ಪೇಟೆಗೆ ಹೋಗುವ ಒಂದೇ ಬಸ್ಸಿನ ಡ್ರೈವರ್ ನಾನು. ಕಂಡಕ್ಟರ್ ನನ್ನ ಗಂಡ ರೇವಣ್ಣ. ಬಸ್ಸೆಂದರೆ ನನಗೆ ಪ್ರಾಣ. ಮೊದಲನೆಯ ಗೇರಿನಲ್ಲಿ ಅದು ಘಾಟಿ ಹತ್ತುವಾಗ ಹೊಟ್ಟೆಯೊಳಗಿಂದ ಬರುವ ಆ ಗುಡುಗು ನನ್ನ ಪಾದದಿಂದ ಹತ್ತಿ ಎದೆಯವರೆಗೆ ಬರುತ್ತದಲ್ಲ, ಆ ಸುಖವನ್ನು ಹೇಳಲು ನನಗೆ ಮಾತು ಸಾಲದು. ಅತ್ತೆ ಪ್ರತಿ ಸೋಮವಾರ ಕೆಳಗಿನ ಪೇಟೆಯ ತಂಗಿಯ ಮನೆಗೆ ಹೊರಟು ಮುಂದಿನ ಸೀಟಿನಲ್ಲಿ ಕೂರುತ್ತಿದ್ದರು. ಪಕ್ಕದವರಿಗೆಲ್ಲ "ಓಡಿಸ್ತಿರೋಳು ನನ್ನ ಸೊಸೆ," ಎನ್ನುವರು. ಆದರೆ ದಾರಿಯುದ್ದಕ್ಕೂ ಒಮ್ಮೆಯೂ ಕಣ್ಣು ಮುಚ್ಚಿದವರಲ್ಲ. ನಾನು ತೂಕಡಿಸುತ್ತೇನೋ ಎಂದು ನನ್ನ ಕತ್ತನ್ನೇ ನೋಡುತ್ತಾ, ಸೆರಗಿನ ಪಿನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಚುಚ್ಚಲು ಸಿದ್ಧವಾಗಿ ಕೂತಿರುತ್ತಿದ್ದರು.

ಅವರಿಲ್ಲದ ಒಂದು ದಿನ ಅದು ಆಗಿಯೇ ಹೋಯಿತು. ಆಲದ ತಿರುವಿನ ಏರಿನಲ್ಲಿ ಬಸ್ಸು ಹತ್ತುತ್ತಿತ್ತು. ಬೆಚ್ಚಗಿನ ಬಿಸಿಲು, ಹಿಂದೆ ಯಾರೋ ಗುನುಗುತ್ತಿದ್ದರು. ನನಗೆ ನೆನಪಿರುವುದು ಅಷ್ಟೇ. ಆಮೇಲೆ ಜನ ಹೇಳಿದ್ದು ಕೇಳಿ: ನಾನು ಸೀಟಿನಿಂದ ಮೇಲೆದ್ದು ತೇಲುತ್ತಿದ್ದೆನಂತೆ! ಕಾಲು ಪೆಡಲು ಬಿಟ್ಟಿತ್ತು, ಕೈ ಸ್ಟಿಯರಿಂಗಿನಿಂದ ಜಾರಿತ್ತು, ಬಸ್ಸು ನಿಂತು ಹಿಂದಕ್ಕೆ ಉರುಳತೊಡಗಿತ್ತು. ರೇವಣ್ಣ ಟಿಕೆಟ್ ಚೀಲ ಎಸೆದು, ಜನರ ಮೇಲೆ ಬಿದ್ದು ಎದ್ದು ಬಂದು ಹ್ಯಾಂಡ್ ಬ್ರೇಕ್ ಎಳೆದ. ಬಸ್ಸು ತಡೆಗೋಡೆಗೆ ಕುಂಡಿ ಒರಗಿಸಿ ನಿಂತಿತು. ಆ ಕ್ಷಣಕ್ಕೇ ನನ್ನ ಉಸಿರು ನಿಂತು ನಾನು ಸೀಟಿಗೆ ಧಡ್ ಎಂದು ಬಿದ್ದು, ಹಾರ್ನ್ ಮೇಲೆ ಮೊಣಕೈ ಊರಿ ಎಚ್ಚರಗೊಂಡೆ. ಯಾರಿಗೂ ಏನೂ ಆಗಲಿಲ್ಲ.

ಡಿಪೋ ಮ್ಯಾನೇಜರ್ ಕೆಟ್ಟವರಲ್ಲ. "ನೋಡಮ್ಮಾ ಪಂಕಜಾ, ನಿನ್ನಷ್ಟು ಚೆನ್ನಾಗಿ ಆ ಘಾಟಿ ಯಾರೂ ಇಳಿಸಲ್ಲ. ಆದ್ರೆ ನಿದ್ದೇಲಿ ಬೀಳೋರ ಕೈಗೆ ಬಸ್ಸು ಕೊಡೋಕೆ ನನ್ನ ಕೈಲಾಗಲ್ಲ. ಈ ತಿಂಗಳ ಕೊನೆವರೆಗೂ ಕಾಯ್ತೀನಿ. ಬೀಳೋದು ನಿಂತಿದೆ ಅಂತ ಡಾಕ್ಟರ್ ಹೇಳಿದ್ರೆ ಬಸ್ಸು ನಿಂದು. ಇಲ್ದಿದ್ರೆ ಬದಲಿ ಡ್ರೈವರೇ ಕಾಯಂ," ಎಂದು ನನ್ನ ಮುಂದೆಯೇ ಕೀಲಿಯನ್ನು ಮೇಜಿನ ಡ್ರಾಯರಿಗೆ ಹಾಕಿದರು. ಆ ಡ್ರಾಯರು ಮುಚ್ಚಿದ ಸದ್ದು ನನಗೆ ಆ ಘಾಟಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಅದೃಷ್ಟ ನೋಡಿ, ಅದೇ ದಿನಗಳಲ್ಲಿ ಡಾಕ್ಟರ್ ಶರ್ಮಿಷ್ಠಾ ನಮ್ಮೂರ ಆಸ್ಪತ್ರೆಗೆ ಬಂದಿಳಿದರು. ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆಯ ಮೇಲೆ ಸಂಶೋಧನೆ ಮಾಡುವವರು. ಬಂದ ಮೊದಲ ಮಧ್ಯಾಹ್ನ ಕೈಯಲ್ಲಿ ಪುಸ್ತಕ ಹಿಡಿದೇ ನಿದ್ದೆ ಹೋಗಿ, ಎಚ್ಚರವಾದಾಗ ಚಾವಣಿಯ ಹಲ್ಲಿಯ ಮುಖಕ್ಕೆ ಮುಖ ಕೊಟ್ಟಿದ್ದರಂತೆ. ಬೇರೆಯವರಾಗಿದ್ದರೆ ಪೆಟ್ಟಿಗೆ ಕಟ್ಟುತ್ತಿದ್ದರು. ಇವರು ಕುಣಿದಾಡಿಬಿಟ್ಟರು. "ಬೇರೆ ಊರಲ್ಲಿ ತಲೆಗೆ, ಎದೆಗೆ, ಕಾಲಿಗೆ ತಂತಿ ಅಂಟಿಸಿ ರಾತ್ರಿಯೆಲ್ಲಾ ಕಾಯಬೇಕು. ಇಲ್ಲಿ ಉಸಿರು ಕಟ್ಟಿದ್ದು ಕಣ್ಣಿಗೇ ಕಾಣುತ್ತೆ! ಪಂಕಜಾ ಅವರೇ, ನಿಮ್ಮೂರಿನವರ ಮೈಯೇ ಯಂತ್ರ ಕಣ್ರೀ," ಎಂದು ನನ್ನ ಎರಡೂ ಕೈ ಹಿಡಿದು ಅಲ್ಲಾಡಿಸಿದರು. ನನಗಂತೂ ಅವರನ್ನು ನೋಡಿದ ಕೂಡಲೇ ಅರ್ಧ ಕಾಯಿಲೆ ವಾಸಿಯಾದ ಹಾಗಾಯಿತು.

ಕಾಯಿಲೆ ಏನೆಂದು ಅವರು ಎಲ್ಲರಿಗೂ ಬಿಡಿಸಿ ಹೇಳಿದರು. ನಿದ್ದೆಯಲ್ಲಿ ಗಂಟಲಿನ ಮಾಂಸ ಸಡಿಲವಾಗುತ್ತದೆ, ನಾಲಿಗೆ ಹಿಂದಕ್ಕೆ ಜಾರುತ್ತದೆ, ಗಾಳಿಯ ದಾರಿ ಮುಚ್ಚಿಹೋಗುತ್ತದೆ. ರಕ್ತದಲ್ಲಿ ಗಾಳಿ ಕಡಿಮೆಯಾದಾಗ ಮಿದುಳು ಗಾಬರಿಯಾಗಿ ತಟ್ಟಿ ಎಬ್ಬಿಸುತ್ತದೆ. ನಿದ್ದೆ ಮಾಡಿದೆವೆಂದು ನಾವು ತಿಳಿದಿರುತ್ತೇವೆ, ಮಿದುಳು ಮಾತ್ರ ಮಲಗಿಯೇ ಇರುವುದಿಲ್ಲ. ಕೆಲವರಿಗೆ ಕತ್ತು ದಪ್ಪ, ಕೆಲವರಿಗೆ ದವಡೆ ಚಿಕ್ಕದು, ಕೆಲವರಿಗೆ ಮೂಗು ಕಟ್ಟಿರುತ್ತದೆ. ಅವರು ನಮ್ಮ ಕತ್ತಿಗೆ ಟೇಪು ಸುತ್ತಿದರು, ಬಾಯಿಗೆ ಟಾರ್ಚು ಬಿಟ್ಟರು, ಬೆರಳ ತುದಿಗೆ ಕ್ಲಿಪ್ಪು ಸಿಕ್ಕಿಸಿದರು. ನನಗೆ ದವಡೆ ಚಿಕ್ಕದಂತೆ. ಮುಖವಾಡದಂಥದ್ದನ್ನು ಮೂಗಿಗೆ ಕಟ್ಟಿ, ನಳಿಕೆಯಲ್ಲಿ ಸದಾ ಗಾಳಿ ಊದುತ್ತಾ ಗಂಟಲಿನ ದಾರಿಯನ್ನು ತೆರೆದಿಡುವ ಯಂತ್ರವೇ ಚಿಕಿತ್ಸೆ. ಪರೀಕ್ಷೆ ಸಾಚಾ ಆಗಿರಲೆಂದು ಅರ್ಧ ಜನಕ್ಕೆ ನಿಜವಾಗಿ ಊದುವ ಯಂತ್ರ, ಅರ್ಧ ಜನಕ್ಕೆ ಸುಮ್ಮನೆ ಗುಂಯ್‌ಗುಡುವ ಯಂತ್ರ. ಯಾರದು ಯಾವುದೆಂದು ಮಲಗಿದವರಿಗೂ ಗೊತ್ತಿಲ್ಲ, ನೋಡುತ್ತಿದ್ದ ಡಾಕ್ಟರಿಗೂ ಗೊತ್ತಿಲ್ಲ. ದಿನಾ ಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಉದ್ದನೆಯ ವಾರ್ಡಿನಲ್ಲಿ ಮಲಗಬೇಕು, ಮೂಲೆಯ ಕ್ಯಾಮೆರಾ ನೋಡುತ್ತಿರುತ್ತದೆ.

ಹೆಂಗಸರ ವಾರ್ಡು ತುಂಬಿತು. ಸೊಸೆ ಹೊರಗೆ ಮಲಗಬೇಕೆಂದರೆ ಮನೆಯ ಹಿರಿಯರು ಜೊತೆಗೆ ಬರಲೇಬೇಕು, ಅದು ಊರಿನ ಪದ್ಧತಿ. ಬಂದ ಹಿರಿಯರನ್ನು ಸ್ಟೂಲಿನ ಮೇಲೆ ಕೂರಿಸುವುದು ಹೇಗೆ? ಡಾಕ್ಟರು ತಾವೇ ಮುಂದೆ ನಿಂತು ಒಬ್ಬೊಬ್ಬ ಸೊಸೆಯ ಪಕ್ಕಕ್ಕೂ ಒಂದೊಂದು ಮಂಚ ಹಾಕಿಸಿ, ಬೆಳ್ಳನೆಯ ಹಾಸು ಹಾಸಿಸಿ, ಎದ್ದ ಮೇಲೆ ಕಾಫಿ ಗೊತ್ತುಮಾಡಿದರು. ಅತ್ತೆ, ಸೊಸೆ, ಅತ್ತೆ, ಸೊಸೆ, ಹೀಗೆ ಸಾಲು. ನನ್ನ ಅತ್ತೆ ಮೊದಲ ದಿನವೇ ಹಾಸನ್ನು ಮುಟ್ಟಿ ನೋಡಿ, "ಆಸ್ಪತ್ರೆ ಅಂದ್ರೆ ಹೀಗಿರ್ಬೇಕು," ಎಂದು ಮಲಗಿ, ಒಂದು ಗೇಣು ಎದ್ದು, ಸೊಗಸಾಗಿ ಗೊರಕೆ ಹೊಡೆದರು. ನಾನು ಪಕ್ಕದಲ್ಲಿ ಧಡ್ ಧಡ್ ಎಂದು ಬೀಳುತ್ತಿದ್ದೆ.

ಗಂಡಸರ ವಾರ್ಡಿನಿಂದ ಬರುತ್ತಿದ್ದ ಸುದ್ದಿ ಕೇಳಿ ನಮಗೆ ಹೊಟ್ಟೆಕಿಚ್ಚು. ಅವರು ಒಬ್ಬೊಬ್ಬರೇ ಬರುತ್ತಿದ್ದರು, ಒಬ್ಬೊಬ್ಬರೇ ಮಲಗುತ್ತಿದ್ದರು. ಹೋಟೆಲಿನ ದಪ್ಪ ಕತ್ತಿನ ಭಟ್ಟರು, ಹತ್ತು ವರ್ಷದಿಂದ ಬೀಳುತ್ತಿದ್ದವರು, ಎರಡನೆಯ ದಿನವೇ ಚಾವಣಿ ಮುಟ್ಟಿದರಂತೆ. ನಳಿಕೆ ಗಿಡ್ಡವಾಗಿ ಯಂತ್ರವೂ ಅವರ ಜೊತೆಗೇ ನೇತಾಡುತ್ತಾ ಮೇಲೆ ಹೋಯಿತಂತೆ! ಡಾಕ್ಟರು ಅದೇ ಸಂಜೆ ಕೆಳಗಿನ ಪೇಟೆಯಿಂದ ಉದ್ದನೆಯ ನಳಿಕೆ ತರಿಸಿದರು. ಮೊದಲ ಹಂತ ಮುಗಿದು ಯಾರದು ಯಾವ ಯಂತ್ರವೆಂದು ಬಿಚ್ಚಿ ನೋಡಿದಾಗ, ಗಂಡಸರಲ್ಲಿ ನಿಜವಾದ ಯಂತ್ರ ಕಟ್ಟಿದವರೆಲ್ಲ ಮೇಲಿದ್ದರು, ಸುಮ್ಮನೆ ಗುಂಯ್‌ಗುಟ್ಟಿದ್ದು ಕಟ್ಟಿದವರು ಕೆಳಗೇ ಇದ್ದರು. ಹೆಂಗಸರಲ್ಲಿ ಮಾತ್ರ ಎರಡಕ್ಕೂ ವ್ಯತ್ಯಾಸವೇ ಇರಲಿಲ್ಲ. ನಾನು ಕಟ್ಟಿಕೊಂಡಿದ್ದು ನಿಜವಾದದ್ದೇ ಆಗಿತ್ತು. ಅದನ್ನು ಕೇಳಿ ನನಗೆ ಅಳು ಬಂತು. ಸುಳ್ಳು ಯಂತ್ರವಾಗಿದ್ದರೆ ನಾಳೆ ನಿಜವಾದದ್ದು ಸಿಗುತ್ತದೆಂಬ ಆಸೆಯಾದರೂ ಇರುತ್ತಿತ್ತು.

ಡಾಕ್ಟರಿಗೆ ತಲೆ ಕೆಟ್ಟುಹೋಯಿತು. "ಎಲ್ಲಾ ಕಡೆ ವಯಸ್ಸಾದ, ಕತ್ತು ದಪ್ಪ ಇರೋ ಗಂಡಸರೇ ಹೆಚ್ಚು. ಇಲ್ಲಿ ಎಳೆಯ ಹೆಣ್ಣುಮಕ್ಕಳು ಯಾಕೆ? ಅದೂ ಮದುವೆಗೆ ಮೊದಲು ಒಬ್ಬರೂ ಬೀಳಲ್ಲ, ಆದ ಮೇಲೆ ಶುರು!" ಎಂದು ವಾರ್ಡಿನ ನಡುವೆ ನಿಂತು ಕೇಳಿದರು.

"ಮದುವೆ ಆದ್ಮೇಲೆ ಮೈಗೆ ಭಾರ ಬರತ್ತೆ ಕಣಮ್ಮಾ," ಎಂದರು ನನ್ನ ಅತ್ತೆ ಹಾಸು ಮಡಿಸುತ್ತಾ. "ಜವಾಬ್ದಾರಿ ಅಂತ ಒಂದಿದೆ. ನಿಂಗೆ ಮದುವೆ ಆಗಿಲ್ವಲ್ಲ, ನಿಂಗೆ ಗೊತ್ತಾಗಲ್ಲ."

ಡಾಕ್ಟರು ನಮಗೆಲ್ಲ ನಿಜವಾದ ಯಂತ್ರವನ್ನೇ ಕಟ್ಟಿಸಿ, ಅದರ ಗಾಳಿ ಹೆಚ್ಚಿಸಿದರು. ಗಾಳಿ ಗಂಟಲಿಗೆ ಹೋಗದೆ ಮುಖವಾಡದ ಅಂಚಿನಿಂದ ಸಿಳ್ಳೆ ಹೊಡೆದುಕೊಂಡು ಹೊರಬಂತು. ತಿಂಗಳು ಮುಗಿಯುತ್ತಾ ಬಂದಿತ್ತು. ಘಾಟಿಯ ಕಡೆಯಿಂದ ನನ್ನ ಬಸ್ಸಿನ ಹಾರ್ನ್ ಕೇಳಿಸಿದಾಗಲೆಲ್ಲ, ಬದಲಿ ಡ್ರೈವರ್ ಗೇರು ಬದಲಿಸುವ ಕರ್ಕಶ ಕೇಳಿಸಿದಾಗಲೆಲ್ಲ, ಯಾರೋ ನನ್ನ ಮಗುವಿನ ಕಿವಿ ಹಿಂಡಿದ ಹಾಗೆ ಆಗುತ್ತಿತ್ತು.

ಆಗ ಬಂತು ನೋಡಿ ಕಾಫಿಯ ದಿನ! ಆವತ್ತು ಅಡುಗೆಯವನಿಗೆ ಎಲ್ಲಿಗೋ ಹೋಗುವ ಆತುರವಿತ್ತಂತೆ, ಕಾಫಿಯನ್ನು ಹೊತ್ತಿಗೆ ಮುಂಚೆಯೇ ತಂದು ಜಗಲಿಯಲ್ಲಿ ಇಟ್ಟ. ನಾವು ಸೊಸೆಯಂದಿರು ಯಂತ್ರ ಕಟ್ಟಿಕೊಂಡು ಇನ್ನೂ ನಿದ್ದೆಯಲ್ಲಿದ್ದೆವು. ಕಾಫಿಯ ಘಮಕ್ಕೆ ಅತ್ತೆಯಂದಿರು ಒಬ್ಬೊಬ್ಬರೇ ಎಚ್ಚರವಾಗಿ, ಇಳಿದು, ಕೂದಲು ಸರಿಮಾಡಿಕೊಂಡು ಜಗಲಿಗೆ ಹೋದರು. ಮುಂದೆ ನಡೆದದ್ದನ್ನು ನಾನು ಕಂಡದ್ದು ಕ್ಯಾಮೆರಾದಲ್ಲಿ. ಡಾಕ್ಟರು ಓಡೋಡಿ ಬಂದು ನಮ್ಮನ್ನೆಲ್ಲ ಎಬ್ಬಿಸಿ, ಕಂಪ್ಯೂಟರಿನ ಮುಂದೆ ಗುಂಪು ಕೂರಿಸಿ ತೋರಿಸಿದರು. ಕೊನೆಯ ಅತ್ತೆ ಹೊಸಿಲು ದಾಟಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೊದಲನೆಯ ಮಂಚದ ಸೊಸೆಯ ಗಲ್ಲ ನಿಧಾನವಾಗಿ ಎದೆ ಬಿಟ್ಟು ಮೇಲಾಯಿತು, ಕತ್ತು ನೇರವಾಯಿತು, ಮೈ ಎದ್ದಿತು. ಅವಳ ಹಿಂದೆ ಇನ್ನೊಬ್ಬಳು. ಎಣ್ಣೆಗೆ ಬಿಟ್ಟ ಪೂರಿಗಳ ಹಾಗೆ ಎಲ್ಲರೂ ಉಬ್ಬಿ ಉಬ್ಬಿ ಮೇಲಕ್ಕೆ ಬಂದರು! ಎಲ್ಲರಿಗಿಂತ ಮೇಲೆ, ಚಾವಣಿಗೆ ಹಣೆ ತಾಗಿಸಿ, ಜಡೆ ಇಳಿಬಿಟ್ಟುಕೊಂಡು, ಉದ್ದನೆಯ ನಳಿಕೆ ತೂಗಿಸಿಕೊಂಡು ಒಬ್ಬಳಿದ್ದಳು. "ಅವಳು ಯಾರು ಡಾಕ್ಟ್ರಮ್ಮಾ?" ಎಂದು ಕೇಳಿದೆ. "ನೀವೇ ಕಣ್ರೀ!" ಎಂದರು. ನನ್ನ ಮೈಯೆಲ್ಲ ಜುಮ್ಮೆಂದಿತು. ನಾನು ಇನ್ನೂ ಅಷ್ಟು ಮೇಲೆ ಹೋಗಬಲ್ಲೆ! ತೊಲೆಗೆ ಮೂಗು ತಾಗಿಸಿದ ಆ ಹುಡುಗಿ ಎಲ್ಲೂ ಹೋಗಿರಲಿಲ್ಲ.

ಅಷ್ಟರಲ್ಲಿ ಚಿತ್ರದಲ್ಲಿ ಬಾಗಿಲ ಹತ್ತಿರ ನನ್ನ ಅತ್ತೆ ಕಾಣಿಸಿದರು. ಕಾಫಿ ಕುಡಿದು ಒಳಗೆ ಬರುತ್ತಾ ಅಭ್ಯಾಸದಂತೆ ಒಂದು ಸಲ ಕೆಮ್ಮಿದರು. ಅಷ್ಟೇ. ನಿದ್ದೆಯಲ್ಲೇ ನನ್ನ ಗಲ್ಲ ಎದೆಗೆ ಬಿತ್ತು, ಉಸಿರು ನಿಂತಿತು, ಧಡ್! ಹಿಂದೆಯೇ ಬೇರೆ ಅತ್ತೆಯಂದಿರ ಬಳೆ ಸದ್ದು, ಕೆಮ್ಮು, ಮಾತು. ಧಡ್, ಧಡ್, ಧಡ್! ಸಾಲು ಸಾಲಾಗಿ ಎಲ್ಲರೂ ಮಂಚಕ್ಕೆ ಬಂದು ಬಿದ್ದರು. ನೋಡುತ್ತಿದ್ದ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಗಲ್ಲ! ಗಲ್ಲ ಯಾಕೆ ಹಾಗೆ ಒತ್ತುತ್ತೀರಿ?" ಡಾಕ್ಟರು ಕೂಗಿಯೇಬಿಟ್ಟರು. ನಮಗೆ ಆಗ ನಿಂಬೆಹಣ್ಣು ನೆನಪಾಯಿತು. ನಾನೇ ಅದರ ಕತೆ ಹೇಳಿದೆ. ಅದನ್ನು ಹೇಳಬೇಕಾದ ವಿಷಯವೆಂದು ಆವರೆಗೆ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಡಾಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡು ಕೂತರು. "ಕತ್ತು ಹಾಗೆ ಬಗ್ಗಿದರೆ ಗಾಳಿಯ ದಾರಿ ಮಡಚಿಕೊಳ್ಳುತ್ತೆ. ಮೊದಲೇ ಕಿರಿದಾಗಿರೋ ದಾರಿ ಪೂರ್ತಿ ಮುಚ್ಚುತ್ತೆ. ನಾನು ಮೇಲಿಂದ ಎಷ್ಟು ಗಾಳಿ ಊದಿದರೇನು? ಪಕ್ಕದಲ್ಲಿ ಅತ್ತೆಯವರಿಗೆ ಮಂಚ ಹಾಕಿಸಿದವಳೂ ನಾನೇ!" ಎಂದು ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದರು.

ಮಾರನೆಯ ದಿನ ಅತ್ತೆಯಂದಿರನ್ನು ಜಗಲಿಯಲ್ಲೇ ಕೂರಿಸಿದರು. ಇನ್ನೇನು ಎಲ್ಲ ಸರಿಹೋಯಿತೆಂದು ನಾನು ಹಾರುವ ಮನಸ್ಸಿನಲ್ಲಿ ಮಲಗಿದೆ. ಏನೂ ಆಗಲಿಲ್ಲ, ಧಡ್ ಧಡ್ ಮತ್ತೆ ಶುರು. ಆ ಕಾಫಿಯ ದಿನ ಅವರು ಹೋದದ್ದು ನಮಗೆ ತಿಳಿದೇ ಇರಲಿಲ್ಲ. ಈಗ ಅವರು ಗೋಡೆಯ ಆಚೆ, ನಮಗಾಗಿ, ನೆಲದ ಮೇಲೆ ಕೂತಿದ್ದಾರೆಂದು ತಿಳಿದಿತ್ತು. ನೆಲದ ಮೇಲೆ ಕೂತವರಿಗಿಂತ ಮೇಲೇಳುವುದಂತೂ ಇನ್ನೂ ಆಗದ ಮಾತು. ಗಲ್ಲ ಮೊದಲಿಗಿಂತ ಗಟ್ಟಿಯಾಗಿ ಎದೆಗೆ ಕೂತಿತ್ತು.

ಇದಕ್ಕೆಲ್ಲ ಕಾರಣವೇನೆಂದು ಡಾಕ್ಟರು ಬಿಡಿಸಿ ಹೇಳಿದಾಗ ಅತ್ತೆಗೆ ಸಿಟ್ಟು ನೆತ್ತಿಗೇರಿತು. "ಅಂದ್ರೆ ಕಾಯಿಲೆ ಅವಳ ಗಂಟಲಲ್ಲಿಲ್ಲ, ನಾನೇ ಕಾಯಿಲೆ ಅನ್ನಿ! ನಮ್ಮತ್ತೆ ಎದುರಿಗೆ ನಾನು ತಗ್ಗಿ ಮಲಗ್ಲಿಲ್ವೇನು? ನಾನು ಸತ್ತೋದ್ನೇನು?" ಎಂದು ಚೀಲ ಎತ್ತಿಕೊಂಡು ಹೊರಟರು. ಮನೆಯಲ್ಲಿ ಎರಡು ದಿನ ನನ್ನೊಡನೆ ಮಾತಿಲ್ಲ. ಅನ್ನ ಬಡಿಸಿದರೆ ತಟ್ಟೆ ನೋಡುವರು, ನನ್ನನ್ನು ನೋಡುವುದಿಲ್ಲ. "ಏನ್ರೀ, ನೀವಾದ್ರೂ ಅವರಿಗೆ ಹೇಳಿ," ಎಂದು ರೇವಣ್ಣನ ಹತ್ತಿರ ಗೋಗರೆದೆ. "ಅಮ್ಮನಿಗೆ ಹೇಳೋದಾ? ಅದಕ್ಕಿಂತ ಆ ಬಸ್ಸನ್ನ ತಳ್ಳಿಕೊಂಡು ಘಾಟಿ ಹತ್ತಿಸ್ತೀನಿ, ಬಿಡು," ಎಂದ ಅವನು. ಡಿಪೋದ ಗಡುವಿಗೆ ಉಳಿದಿದ್ದು ಒಂದೇ ವಾರ.

ಸೋಮವಾರ ಅತ್ತೆ ಎಂದಿನಂತೆ ತಂಗಿಯ ಮನೆಗೆ ಬಸ್ಸು ಹತ್ತಿದರು. ಸಂಜೆ ಮರಳಿದಾಗ ಹಣೆಯ ಮೇಲೆ ನೆಲ್ಲಿಕಾಯಿ ಗಾತ್ರದ ಬುಗುಟೆ. "ಏನಾಯ್ತು ಅತ್ತೆಮ್ಮಾ?" ಎಂದು ಓಡಿದೆ. ಅವರು ಜಗಲಿಯ ಮೇಲೆ ಕೂತು, ಚಪ್ಪಲಿ ಬಿಚ್ಚಿ, ಬೀದಿಯ ಕಡೆ ನೋಡುತ್ತಾ ಹೇಳಿದರು: "ಆಲದ ತಿರುವಲ್ಲಿ ಹಾರ್ನ್ ಹೊಡೀಬೇಕು ಅನ್ನೋದೇ ಗೊತ್ತಿಲ್ಲ ಆ ಮುಂಡೇದಕ್ಕೆ. ಗೇರು ಹಾಕಿದ್ರೆ ಹಲ್ಲು ಕಿತ್ತ ಹಾಗಾಗತ್ತೆ. ಮುಂದಿನ ಸೀಟಲ್ಲಿ ಕೂತು ಯಾರ ಹತ್ರ ಏನಂತ ಹೇಳ್ಕೊಳ್ಳಲಿ ನಾನು?" ಅಷ್ಟು ಹೇಳಿ ಒಳಗೆ ಹೋದರು. ನಾನು ಬುಗುಟೆಗೆ ಅರಿಸಿನ ಹಚ್ಚಲು ಹೋದಾಗ ಬೇಡವೆನ್ನಲಿಲ್ಲ.

ಮಾರನೆಯ ಮಧ್ಯಾಹ್ನ ಅವರು ನನಗಿಂತ ಮುಂಚೆಯೇ ಆಸ್ಪತ್ರೆಯಲ್ಲಿದ್ದರು. ಕಂಕುಳಲ್ಲಿ ಚಾಪೆ, ಕೈಯಲ್ಲಿ ಕರೀ ಕೊಡೆ, ಹೆಗಲ ಮೇಲೆ ಹಳೆಯ ಕಂಬಳಿ. ಅಂಗಳದ ನಡುವೆ ನಿಂತು, "ಏಣಿ ಎಲ್ಲಿದೆ?" ಎಂದರು.

"ಏಣಿ ಯಾಕಮ್ಮಾ?" ಎಂದರು ಡಾಕ್ಟರು.

"ಸೊಸೆ ಅತ್ತೆಗಿಂತ ಮೇಲೆ ಮಲಗಬಾರ್ದು. ಅದು ಸರಿಯಾದ ಮಾತೇ. ಅದನ್ನ ಇವತ್ತು ನಾನು ಬಿಡೋಳಲ್ಲ. ಅದಕ್ಕೇ ನಾನೇ ಮೇಲೆ ಮಲಗ್ತೀನಿ. ಅವಳು ಚಾವಣಿ ಮುಟ್ಟಿದ್ರೂ ನನ್ನ ಕೆಳಗೇ ಇರ್ತಾಳಲ್ಲ? ಹಾಕ್ಸಿ ಏಣಿ!"

ವಾರ್ಡಿನ ಮೇಲೆ ಬೋಳು ತಾರಸಿ, ಒಂದು ನೀರಿನ ಟ್ಯಾಂಕು, ಅಷ್ಟೇ. ತಡೆಗೋಡೆಯೂ ಇಲ್ಲ, ಚಾವಣಿಯಂತೂ ಆಕಾಶವೇ. ತೇಲಿಹೋದರೆ ಹಿಡಿಯುವವರಾರು? ರೇವಣ್ಣ ಓಡಿಬಂದು ತಾಯಿಯ ಸೊಂಟಕ್ಕೆ ತನ್ನ ಟಿಕೆಟ್ ಚೀಲದ ಪಟ್ಟಿ ಬಿಗಿದು, ಅದಕ್ಕೆ ಹಗ್ಗ ಕಟ್ಟಿ, ಹಗ್ಗವನ್ನು ಟ್ಯಾಂಕಿನ ಕಬ್ಬಿಣದ ಕಾಲಿಗೆ ಗಂಟು ಹಾಕಿದ. ಅವರು ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು ಹಿಂದಿರುಗಿ ನನ್ನನ್ನು ನೋಡಿದರು. ಅಷ್ಟು ದಿನಗಳ ಮೇಲೆ ಮೊದಲ ಸಲ ಕಣ್ಣಿಟ್ಟು ನೋಡಿದ್ದು. "ಪಂಕಜಿ, ನಾನು ಮೇಲಿದ್ದೀನಿ ಕಣೆ. ಎಷ್ಟು ಬೇಕಾದ್ರೂ ಏಳು," ಎಂದರು. ನಾನು ಕೈಮುಗಿದೆ. ಮಿಕ್ಕ ಅತ್ತೆಯಂದಿರು ಸ್ವಲ್ಪ ಹೊತ್ತು ಪಿಸುಪಿಸು ಎಂದರು. ಕೆಂಪಾಜಮ್ಮನ ಸೊಸೆಯೊಬ್ಬಳೇ ವಾಸಿಯಾಗುವುದನ್ನು ಅವರು ಹೇಗೆ ಸಹಿಸಿಯಾರು? "ನಮಗೂ ಹಗ್ಗ ತರ್ಸಪ್ಪಾ," ಎಂದು ಸೆರಗು ಸಿಕ್ಕಿಸಿ ಏಣಿಯ ಬುಡಕ್ಕೆ ಬಂದು ನಿಂತರು.

ನಾನು ಒಳಗೆ ಹೋಗಿ ಯಂತ್ರ ಕಟ್ಟಿಕೊಂಡು ಮಲಗಿದೆ. ತಾರಸಿಯ ಮೇಲೆ ಚಾಪೆ ಬಿಚ್ಚುವ ಸದ್ದು, ಕೊಡೆ ಯಾವ ಕಡೆ ಹಿಡಿಯಬೇಕೆಂ‌ಬ ಜಗಳ, ಆಮೇಲೆ ಒಂದೊಂದಾಗಿ ಗೊರಕೆ. ನಿದ್ದೆ ಬರುವುದಿಲ್ಲವೇನೋ ಎಂದು ಹೆದರಿದೆ. ಬಂತು. ಹೊರಗಿನದನ್ನು ರೇವಣ್ಣ ಆಮೇಲೆ ಹೇಳಿದ: ಮಧ್ಯಾಹ್ನದ ಬಿಸಿಲಲ್ಲಿ ಆಸ್ಪತ್ರೆಯ ಮೇಲೆ ನಮ್ಮೂರ ಅತ್ತೆಯಂದಿರೆಲ್ಲ ಹಗ್ಗದ ತುದಿಯಲ್ಲಿ, ಕಂಬಳಿ ಹೊದ್ದು, ಕೊಡೆ ಎದೆಗೆ ಅವುಚಿಕೊಂಡು ತೇಲುತ್ತಿದ್ದರಂತೆ. ಬೀದಿಯಲ್ಲಿ ಹೋಗುತ್ತಿದ್ದವರೆಲ್ಲ ನಿಂತುಬಿಟ್ಟರಂತೆ. ಒಳಗೆ ಡಾಕ್ಟರು ಧಡ್ ಎನ್ನುವ ಸದ್ದಿಗೆ ಕಿವಿಗೊಟ್ಟು, ಉಗುರು ಕಚ್ಚುತ್ತಾ ನಿಂತಿದ್ದರಂತೆ. ಸದ್ದು ಬರಲೇ ಇಲ್ಲ.

ನನಗೆ ಎಚ್ಚರವಾದದ್ದು ತಾನಾಗಿ. ಬಿದ್ದು ಎಚ್ಚರವಾಗದೆ ಎಷ್ಟು ವರ್ಷವಾಗಿತ್ತೋ! ಕಣ್ಣು ಬಿಟ್ಟರೆ ಮೂಗಿನ ಮುಂದೆಯೇ ಸುಣ್ಣದ ಚಾವಣಿ. ತಲೆಯಲ್ಲಿ ಭಾರವಿಲ್ಲ. ಬೆಳಕು ಇಷ್ಟು ಬೆಳ್ಳಗಿದೆಯೆಂದು ಮರೆತೇಹೋಗಿತ್ತು. ಆಗ ಗಾರೆಯ ಆಚೆಯಿಂದ, ಸರಿಯಾಗಿ ನನ್ನ ಮೇಲಿನಿಂದ, ಅತ್ತೆಯ ಕೆಮ್ಮು ಕೇಳಿಸಿತು. ಗಲ್ಲ ಒಮ್ಮೆ ಅದುರಿತು. ಎದೆಯ ಕಡೆಗೆ ಹೊರಟು, ಅರ್ಧ ದಾರಿಯಲ್ಲಿ ನಿಂತು, ಮತ್ತೆ ಮೇಲಾಯಿತು. ನಾನು ಅಲ್ಲಿಯೇ, ಅವರ ಕೆಳಗೆ, ಬಿಕ್ಕಿ ಬಿಕ್ಕಿ ಅಳುತ್ತಾ ನಗುತ್ತಾ ಬಹಳ ಹೊತ್ತು ತೇಲಿದೆ.

ಆ ವಾರವೆಲ್ಲ ಒಬ್ಬ ಸೊಸೆಯೂ ಬೀಳಲಿಲ್ಲ. ಯಂತ್ರ ನನಗೆ ಮನೆಗೂ ಬಂತು, ಚಿಕ್ಕ ದವಡೆಯವಳಿಗೆ ಅದು ಬೇಕೇ ಬೇಕಂತೆ. ಅತ್ತೆಯ ಹಾಸಿಗೆ ನಡುಮನೆಯ ಮೇಲಿನ ಅಟ್ಟಕ್ಕೆ ಹೋಯಿತು. ಡಾಕ್ಟರು ಡಿಪೋಗೆ ತಾವೇ ನಡೆದು ಹೋಗಿ ಹೇಳಿದರು, ಮ್ಯಾನೇಜರ್ ಡ್ರಾಯರು ಎಳೆದರು, ಕೀಲಿ ನನ್ನ ಅಂಗೈಗೆ ಬಿತ್ತು.

ಸೋಮವಾರ ಬೆಳಗ್ಗೆ ಬಸ್ಸು ಶುರುಮಾಡಿದೆ. ಪಾದದಿಂದ ಎದೆಯವರೆಗೆ ಆ ಗುಡುಗು ಬಂತು. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಪಕ್ಕದವರಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದರು. ಹೋಗುವಾಗ ಘಾಟಿ ಇಳಿದೆವು, ಸಂಜೆ ಮತ್ತೆ ಹತ್ತತೊಡಗಿದೆವು. ಆಲದ ತಿರುವು ಬಂತು. ಉದ್ದಕ್ಕೆ ಹಾರ್ನ್ ಹೊಡೆದು, ಗೇರು ಇಳಿಸಿ, ಹಳೆಯ ಅಭ್ಯಾಸದಂತೆ ಪಿನ್ನಿನ ಚುಚ್ಚಿಗೆ ಭುಜ ಬಿಗಿಹಿಡಿದೆ. ಚುಚ್ಚು ಬರಲಿಲ್ಲ. ಏನೆಂದು ಕನ್ನಡಿಯಲ್ಲಿ ನೋಡಿದೆ. ಪಿನ್ನು ಸೆರಗಿನಲ್ಲೇ ಇತ್ತು. ಅತ್ತೆ ಬಾಯಿ ತೆರೆದು, ಸೀಟಿನಿಂದ ಒಂದು ಗೇಣು ಮೇಲೆ, ಸೊಗಸಾಗಿ ನಿದ್ದೆ ಮಾಡುತ್ತಿದ್ದರು. ರೇವಣ್ಣ ಅವರ ಸೆರಗಿನ ತುದಿ ಹಿಡಿದು ನಿಂತಿದ್ದ. ನಾನು ರಸ್ತೆಯ ಕಡೆ ತಿರುಗಿ, ಅವರಿಗೆ ಎಚ್ಚರವಾಗದ ಹಾಗೆ, ಮೆಲ್ಲಗೆ ಆ ತಿರುವು ದಾಟಿಸಿದೆ.